ಗಾಜಿನ ತೊಟ್ಟಿಯೊಳಗೆ ತೊರೆ: ವೈವೇರಿಯಂನಲ್ಲಿ ನೀರು ಹರಿಸುವ ಬಗೆ

ಖಾಲಿ ಗಾಜಿನ ತೊಟ್ಟಿ. ಹಿಂಬದಿಗೆ ಫೋಮ್ ಉಬ್ಬುತ್ತದೆ, ಕಲ್ಲುಗಳು ಕೂರುತ್ತವೆ, ಹಸಿರು ಹಬ್ಬುತ್ತದೆ, ಕೊನೆಗೆ ಪುಟ್ಟದೊಂದು ಜಲಪಾತ ಧುಮುಕುತ್ತದೆ. ಎಲ್ಲವೂ ಒಂದೇ ನಿಮಿಷದಲ್ಲಿ. ಇಂಥ ವಿಡಿಯೊಗಳು ಈಗ ಮೊಬೈಲ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ನೋಡಿದವರಿಗೆ ಮನೆಯಲ್ಲೂ ಒಂದನ್ನು ಮಾಡಬೇಕೆನಿಸುವುದು ಸಹಜ. ಆದರೆ ವಿಡಿಯೊ ಮುಗಿದ ಮೂರು ತಿಂಗಳಿಗೆ ಆ ತೊಟ್ಟಿ ಹೇಗಿತ್ತು ಎಂಬುದನ್ನು ಯಾರೂ ತೋರಿಸುವುದಿಲ್ಲ. ಮಣ್ಣು ಕೆಸರಾಗಿ ಬೇರು ಕೊಳೆತಿರಬಹುದು. ಪಂಪ್ ನಿಂತುಹೋಗಿ, ಅದನ್ನು ಹೊರತೆಗೆಯಲು ಅಂಟಿಸಿದ ಬಂಡೆಯನ್ನೇ ಒಡೆಯಬೇಕಾಗಿ ಬಂದಿರಬಹುದು.

ಈ ಕೆಲಸದಲ್ಲಿ ಅಂದಕ್ಕಿಂತ ಮೊದಲು ಬರುವುದು ನೀರಿನ ಲೆಕ್ಕ. ನೀರು ಎಲ್ಲಿ ಹರಿಯಬೇಕು, ಎಲ್ಲಿಗೆ ಹೋಗಲೇಬಾರದು, ಕರೆಂಟು ಹೋದಾಗ ಎಲ್ಲಿ ಬಂದು ನಿಲ್ಲಬೇಕು ಎಂಬುದನ್ನು ಒಂದು ಕಲ್ಲನ್ನೂ ಅಂಟಿಸುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಅಷ್ಟಾದರೆ ಉಳಿದದ್ದು ಕೈಚಳಕ ಮತ್ತು ತಾಳ್ಮೆ.

## ವೈವೇರಿಯಂ ಎಂದರೇನು?

ಗಿಡ ಅಥವಾ ಪ್ರಾಣಿಗಳನ್ನು ಅವುಗಳ ಸಹಜ ನೆಲೆಯನ್ನು ಹೋಲುವಂತೆ ಇಟ್ಟು ಬೆಳೆಸುವ ಆವರಣಕ್ಕೆ ವೈವೇರಿಯಂ ಎಂದು ಹೆಸರು. ಅದರೊಳಗೆ ಹಲವು ಬಗೆಗಳಿವೆ. ಪೂರ್ತಿ ನೀರಿದ್ದರೆ ಅಕ್ವೇರಿಯಂ, ಪೂರ್ತಿ ನೆಲವಿದ್ದರೆ ಟೆರೇರಿಯಂ. ಎರಡೂ ಒಂದೇ ತೊಟ್ಟಿಯಲ್ಲಿದ್ದು, ನೀರಿನ ಮೇಲೆ ದಂಡೆ, ದಂಡೆಯ ಮೇಲೆ ಗಿಡ ಇದ್ದರೆ ಅದು ಪಾಲುಡೇರಿಯಂ. ತೊರೆ, ಜಿನುಗುವ ಬಂಡೆ, ಪುಟ್ಟ ಕೊಳ ಇವೆಲ್ಲ ಬರುವುದು ಈ ಮೂರನೆಯ ಬಗೆಯಲ್ಲಿ.

ಮುಚ್ಚಿದ ಗಾಜಿನೊಳಗೆ ಗಿಡ ಬದುಕಬಲ್ಲದು ಎಂಬುದು ಜನಪ್ರಿಯವಾದದ್ದು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಅವರಿಂದ. 1829ರ ಸುಮಾರಿಗೆ ಅವರು ಪತಂಗದ ಕೋಶವೊಂದನ್ನು ತೇವದ ಮಣ್ಣಿನ ಜತೆ ಬಾಟಲಿಯಲ್ಲಿಟ್ಟು ಮುಚ್ಚಿದ್ದರು. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಜರಿಗಿಡವೊಂದು ತಲೆಯೆತ್ತಿತು. ಹೊಗೆ ತುಂಬಿದ ಲಂಡನ್ನಿನ ಗಾಳಿಯಲ್ಲಿ ಅವರ ಜರಿಗಿಡಗಳು ಸಾಯುತ್ತಿದ್ದವು, ಬಾಟಲಿಯೊಳಗಿನದು ಬದುಕಿತು. ಹಗಲು ಮಣ್ಣಿನಿಂದ ಮೇಲೇಳುವ ತೇವ ಗಾಜಿಗೆ ತಗುಲಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಆ ತತ್ತ್ವದ ಮೇಲೆ ಮಾಡಿದ ಗಾಜಿನ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದವು. ಇಂದಿನ ವೈವೇರಿಯಂ ಅದೇ ಪೆಟ್ಟಿಗೆಯ ಮುಂದುವರಿಕೆ. ಹೊಸದಾಗಿ ಸೇರಿದ್ದು ವಿದ್ಯುತ್ ದೀಪ ಮತ್ತು ಪಂಪ್.

## ನೀರಿನ ಸುತ್ತು

ತೊಟ್ಟಿಯೊಳಗಿನ ತೊರೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಅದೇ ನೀರು ಸುತ್ತುತ್ತಿರುತ್ತದೆ. ತಳದಲ್ಲಿ ನೀರು ನಿಲ್ಲುವ ಜಾಗ, ಅದರಲ್ಲಿ ಮುಳುಗಿದ ಪಂಪ್, ಪಂಪಿನಿಂದ ಹಿಂಬದಿಯ ಬಂಡೆಯೊಳಗೆ ಅಡಗಿ ಮೇಲೇರುವ ಕೊಳವೆ, ಮೇಲೆ ನೀರು ಹೊರಬೀಳುವ ಬಾಯಿ, ಅಲ್ಲಿಂದ ಕಲ್ಲುಗಳ ಮೇಲೆ ಹರಿದು ಮತ್ತೆ ತಳಕ್ಕೆ.

ತಳದ ನೀರಿಗೂ ಮೇಲಿನ ಮಣ್ಣಿಗೂ ನಡುವೆ ಅಂತರ ಬೇಕು. ಇದಕ್ಕೆ ಎರಡು ದಾರಿಗಳಿವೆ. ಒಂದು, ತೊಟ್ಟಿಯ ತಳಕ್ಕೆ ಸುಟ್ಟ ಜೇಡಿಮಣ್ಣಿನ ಹಗುರ ಉಂಡೆಗಳನ್ನು ನಾಲ್ಕೈದು ಸೆಂಟಿಮೀಟರ್ ಹರಡಿ, ಮೇಲೆ ಸೊಳ್ಳೆಪರದೆಯಂಥ ಬಲೆ ಹಾಸಿ, ಅದರ ಮೇಲೆ ಮಣ್ಣು ಹಾಕುವುದು. ಇನ್ನೊಂದು, ಸುಳ್ಳುತಳ: ಪಿವಿಸಿ ಕೊಳವೆಯ ತುಂಡುಗಳನ್ನು ಕಾಲುಗಳಂತೆ ನಿಲ್ಲಿಸಿ ಅವುಗಳ ಮೇಲೆ ಪ್ಲಾಸ್ಟಿಕ್ ಜಾಲರಿ ಕೂರಿಸುವುದು. ಕೆಳಗೆ ಪೂರ್ತಿ ನೀರಿಗೆ ಜಾಗ, ಮೇಲೆ ನೆಲ. ನೀರು ಹರಿಸುವ ತೊಟ್ಟಿಗೆ ಎರಡನೆಯದೇ ಒಳ್ಳೆಯದು. ತೂಕ ಕಡಿಮೆ, ನೀರಿನ ಸಂಗ್ರಹ ಹೆಚ್ಚು, ಪಂಪಿನ ಸುತ್ತ ನೀರು ಸಲೀಸಾಗಿ ಓಡಾಡುತ್ತದೆ.

## ತೂಕವನ್ನು ಮೊದಲೇ ಲೆಕ್ಕ ಹಾಕಿ

ಉದ್ದ 90, ಅಗಲ 45, ಎತ್ತರ 60 ಸೆಂಟಿಮೀಟರಿನ ತೊಟ್ಟಿಯನ್ನು ತೆಗೆದುಕೊಳ್ಳೋಣ. ತಳದಲ್ಲಿ 10 ಸೆಂಟಿಮೀಟರ್ ನೀರೆಂದರೆ ಸುಮಾರು 40 ಲೀಟರ್, ಅಂದರೆ 40 ಕಿಲೋ. 8 ಮಿಲಿಮೀಟರ್ ದಪ್ಪದ ಗಾಜಿನಿಂದ ಮಾಡಿದ್ದರೆ ಬರೀ ಗಾಜೇ ಇನ್ನೊಂದು 40 ಕಿಲೋ. ಕಲ್ಲು, ಮರದ ತುಂಡು, ಒದ್ದೆ ಮಣ್ಣು ಸೇರಿದರೆ ನೂರು ಕಿಲೋ ದಾಟುವುದು ಕಷ್ಟವಲ್ಲ. ಟಿ.ವಿ. ಇಡುವ ಮೇಜು ಇದನ್ನು ಹೊರುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಅದರ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ ಥರ್ಮೊಕೋಲ್ ಹಾಳೆ ಹಾಸಿ ತೊಟ್ಟಿಯನ್ನು ಕೂರಿಸಬೇಕು. ನೆಲ ಸಮವಿದೆಯೇ ಎಂದು ರಸಮಟ್ಟದಿಂದ ನೋಡಬೇಕು. ತುಂಬಿದ ಮೇಲೆ ಜರುಗಿಸುವ ಮಾತೇ ಇಲ್ಲ.

ಅಂಗಡಿಯಿಂದ ಬಂದ ತೊಟ್ಟಿಗೆ ಖಾಲಿಯಿದ್ದಾಗಲೇ ನೀರು ತುಂಬಿ ಒಂದು ಇಡೀ ದಿನ ಬಿಡಿ. ಕೆಳಗೆ ಪತ್ರಿಕೆಯ ಹಾಳೆ ಹಾಸಿದ್ದರೆ ಒಂದು ಹನಿ ಜಿನುಗಿದರೂ ಗೊತ್ತಾಗುತ್ತದೆ. ತಳದಿಂದ ನೀರು ಹೊರಬಿಡಲು ಗಾಜಿಗೆ ತೂತು ಕೊರೆಸುವ ಯೋಚನೆಯಿದ್ದರೆ ಅದೂ ಈಗಲೇ ಆಗಬೇಕು. ಟೆಂಪರ್ಡ್ ಗಾಜನ್ನು ಕೊರೆಯಲಾಗದು, ಕೊರೆದರೆ ಪುಡಿಪುಡಿಯಾಗುತ್ತದೆ. ಯಾವ ಗಾಜು ಎಂದು ಮಾಡಿಕೊಟ್ಟವರನ್ನು ಕೇಳಿಯೇ ಮುಂದುವರಿಯಬೇಕು.

## ಕಾಡಿನ ತೊರೆ ಹೇಗಿರುತ್ತದೆ?

ತೊಟ್ಟಿಯೊಳಗಿನ ಜಲಪಾತ ಬಹಳ ಸಲ ಕೃತಕವಾಗಿ ಕಾಣುವುದಕ್ಕೆ ಕಾರಣ ಸಾಮಗ್ರಿಯಲ್ಲ; ನೀರಿನ ನಡೆಯನ್ನು ಸರಿಯಾಗಿ ಗಮನಿಸದೇ ಇರುವುದು. ಆಗುಂಬೆಯ ಕಡೆಯಾಗಲಿ, ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಾಗಲಿ (ರಾಮಪತ್ರೆ ಮರಗಳ ಜೌಗು ಕಾಡು), ಮಳೆಗಾಲ ಮುಗಿದ ಮೇಲೆ ಒಂದು ಸಣ್ಣ ತೊರೆಯ ಬದಿಯಲ್ಲಿ ಅರ್ಧ ಗಂಟೆ ಕೂತು ನೋಡಿದರೆ ಬೇಕಾದ ಪಾಠವೆಲ್ಲ ಅಲ್ಲೇ ಸಿಗುತ್ತದೆ.

ಮೊದಲ ಸಂಗತಿ, ನೀರು ಗುಡ್ಡದ ನೆತ್ತಿಯಿಂದ ಹುಟ್ಟುವುದಿಲ್ಲ. ಅದು ಎರಡು ಏರುಗಳ ನಡುವಿನ ತಗ್ಗಿನಲ್ಲಿ, ಎಲ್ಲೋ ಬೇರಿನ ಕೆಳಗಿನಿಂದ, ಕಲ್ಲಿನ ಸಂದಿಯಿಂದ ಬರುತ್ತದೆ. ಅದರ ಹಿಂದೆ ಇನ್ನೂ ಎತ್ತರದ ನೆಲವಿರುತ್ತದೆ. ತೊಟ್ಟಿಯಲ್ಲಿ ಮಾತ್ರ ಕಲ್ಲುಗಳ ಗುಡ್ಡೆ ಮಾಡಿ ಅದರ ತುತ್ತತುದಿಯಿಂದ ನೀರು ಉಕ್ಕಿಸುತ್ತಾರೆ. ಕೊಳವೆಯ ಬಾಯಿಯನ್ನು ಎತ್ತರದ ಮೂರನೇ ಎರಡು ಭಾಗದಲ್ಲಿಟ್ಟು, ಅದರ ಮೇಲೆ ಬಂಡೆಯೋ ಮರದ ಬೇರೋ ಚಾಚಿಕೊಂಡಂತೆ ಮಾಡಿದರೆ ಅರ್ಧ ಸಹಜತೆ ಬಂದಂತೆಯೇ.

ಎರಡನೆಯದು, ಒಂದು ತೊರೆಯ ಕಲ್ಲುಗಳೆಲ್ಲ ಬಹುಮಟ್ಟಿಗೆ ಒಂದೇ ಬಂಡೆಯ ಮಕ್ಕಳು. ಬಣ್ಣ ಒಂದೇ, ಪದರಗಳ ದಿಕ್ಕೂ ಒಂದೇ. ಗಾತ್ರದಲ್ಲಿ ಮಾತ್ರ ವ್ಯತ್ಯಾಸ. ನೀರು ರಭಸವಾಗಿರುವಲ್ಲಿ ದೊಡ್ಡವು ಮಾತ್ರ ನಿಂತಿರುತ್ತವೆ, ಸಣ್ಣವು ಕೊಚ್ಚಿಹೋಗಿರುತ್ತವೆ. ತಿರುವಿನ ಒಳಬದಿಯಲ್ಲಿ ನೀರು ನಿಧಾನವಾದಲ್ಲಿ ಜಲ್ಲಿ, ಅದರಾಚೆ ಮರಳು, ಇನ್ನೂ ನಿಶ್ಚಲವಾದಲ್ಲಿ ಕೊಳೆಯುವ ಎಲೆ. ಈ ಕ್ರಮವನ್ನು ತೊಟ್ಟಿಯಲ್ಲೂ ಪಾಲಿಸಿದರೆ, ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಕಣ್ಣು ಒಪ್ಪಿಬಿಡುತ್ತದೆ. ನುಣುಪಾದ ಬಿಳಿ ಹರಳುಗಳನ್ನು ಎಲ್ಲೆಡೆ ಸಮವಾಗಿ ಸುರಿದರೆ ಒಪ್ಪುವುದಿಲ್ಲ.

ಮೂರನೆಯದು ಹಸಿರಿನ ಜಾಗ. ಧಾರೆ ನೇರವಾಗಿ ಬಡಿಯುವ ಕಲ್ಲಿನ ಮೈ ಬೋಳಾಗಿರುತ್ತದೆ. ಅದರ ಎರಡೂ ಬದಿ, ಸಿಡಿಯುವ ತುಂತುರು ಬೀಳುವಲ್ಲಿ, ದಟ್ಟವಾಗಿ ಹಾವಸೆ ಕಟ್ಟಿರುತ್ತದೆ. ಅದಕ್ಕಿಂತ ತುಸು ಮೇಲೆ, ತೇವ ಮಾತ್ರ ತಲಪುವಲ್ಲಿ, ಕಪ್ಪು ದಂಟಿನ ಪುಟ್ಟ ಜರಿಗಿಡಗಳು ಜೋತುಬಿದ್ದಿರುತ್ತವೆ. ಅಂದರೆ ನೀರಿನಿಂದ ದೂರ ಹೋದಂತೆ ಗಿಡ ಬದಲಾಗುತ್ತದೆ. ತೊಟ್ಟಿಯಲ್ಲೂ ಮುಳುಗುವ ಗಿಡ, ಕಾಲು ಮಾತ್ರ ನೆನೆಯುವ ಗಿಡ, ತುಂತುರು ಸಾಕೆನ್ನುವ ಗಿಡ ಎಂದು ಮೂರು ಸಾಲು ಮಾಡಿಕೊಂಡರೆ ಗಿಡಗಳು ಸಾಯುವುದೂ ಕಡಿಮೆ. ಅನುಬಿಯಾಸ್, ಜಾವಾ ಜರಿಗಿಡ, ಜಾವಾ ಹಾವಸೆ ಇವು ಕಲ್ಲಿಗೆ ಕಟ್ಟಿದರೆ ಸಾಕು, ನೀರಿನೊಳಗೂ ಮೇಲೂ ಬೆಳೆಯುತ್ತವೆ. ಜಗತ್ತಿನಾದ್ಯಂತ ಹವ್ಯಾಸಿಗಳು ಬೆಳೆಸುವ ಲಾಜೆನಾಂಡ್ರ ಮೀಬೋಲ್ಡಿ, ರೊಟಾಲ ಮಾಕ್ರಾಂಡ್ರ ಎಂಬ ನೀರುಗಿಡಗಳ ತವರು ದಕ್ಷಿಣ ಭಾರತವೇ. ನರ್ಸರಿಗಳು ಬೆಳೆಸಿದ ಸಸಿಗಳು ಸಿಗುತ್ತವೆ, ಅವನ್ನೇ ಕೊಳ್ಳಬೇಕು.

ಕಾಡಿನಿಂದ ಹಾವಸೆ ಸುಲಿದು ತರುವುದು ಬೇಡ. ಬಂಡೆಯ ಮೇಲಿನ ಒಂದು ಅಂಗೈಯಗಲದ ಹಾವಸೆ ಬೆಳೆಯಲು ವರ್ಷಗಳು ಬೇಕು. ಅದರಲ್ಲಿ ಹುಳು, ಬಸವನಹುಳು, ಕಪ್ಪೆಯ ಮೊಟ್ಟೆ ಎಲ್ಲವೂ ಇರುತ್ತವೆ. ಮೀಸಲು ಅರಣ್ಯ, ಅಭಯಾರಣ್ಯಗಳಿಂದ ಅನುಮತಿಯಿಲ್ಲದೆ ಏನನ್ನೇ ತಂದರೂ ಅದು ಅಪರಾಧ ಕೂಡ.

## ಬಂಡೆ ಕಟ್ಟುವುದು: ಫೋಮ್, ಸಿಲಿಕೋನ್, ಸಿಮೆಂಟ್

ನಿಜವಾದ ಬಂಡೆಗಳನ್ನೇ ಎತ್ತರಕ್ಕೆ ಪೇರಿಸಿದರೆ ತೂಕ ಮಿತಿಮೀರುತ್ತದೆ. ಆದ್ದರಿಂದ ಹಿಂಗೋಡೆಯನ್ನು ಬಾಗಿಲು ಚೌಕಟ್ಟಿನ ಸಂದಿ ತುಂಬಲು ಬಳಸುವ ಪಾಲಿಯುರೆಥೇನ್ ಫೋಮ್‌ನಿಂದ ಕಟ್ಟಿ, ಮೇಲ್ಮೈಗೆ ಮಾತ್ರ ಕಲ್ಲಿನ ರೂಪ ಕೊಡುತ್ತಾರೆ. ಈ ಫೋಮ್ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಒಮ್ಮೆಲೇ ದಪ್ಪಗೆ ಹಾಕಿದರೆ ಒಳಭಾಗ ಹಸಿಯಾಗಿಯೇ ಉಳಿದು ವಾರ ಕಳೆದ ಮೇಲೆ ಕುಸಿಯುತ್ತದೆ. ತೆಳುವಾಗಿ, ಪದರ ಪದರವಾಗಿ, ಒಂದು ಒಣಗಿದ ಮೇಲೆ ಇನ್ನೊಂದು ಹಾಕಬೇಕು. ಒಣಗಿದ ಮೇಲೆ ಚಾಕುವಿನಿಂದ ಕೆತ್ತಿ ಬಂಡೆಯ ಸೀಳು, ಮೆಟ್ಟಿಲು ಮಾಡಿಕೊಳ್ಳಬಹುದು.

ಇಲ್ಲಿ ಬಹಳ ಮಂದಿಗೆ ಹೊಳೆಯದ ಸಂಗತಿಯೊಂದಿದೆ: ಫೋಮ್ ತೇಲುತ್ತದೆ. ನೀರಿನಲ್ಲಿ ಮುಳುಗಿದ ಒಂದು ಲೀಟರ್ ಗಾತ್ರದ ಫೋಮ್ ತುಂಡು ಹೆಚ್ಚುಕಡಿಮೆ ಒಂದು ಕಿಲೋ ಬಲದಿಂದ ಮೇಲಕ್ಕೆ ತಳ್ಳುತ್ತಿರುತ್ತದೆ. ನುಣುಪು ಗಾಜಿನ ಮೇಲೆ ಫೋಮ್‌ನ ಹಿಡಿತ ಕಾಲಕ್ರಮೇಣ ಸಡಿಲವಾಗುತ್ತದೆ. ಒಂದು ದಿನ ಇಡೀ ಬಂಡೆ ಕಳಚಿ ಮೇಲೆ ಬರುತ್ತದೆ. ಗಾಜಿನ ಮೇಲೆ ಮೊದಲು ಸಿಲಿಕೋನ್‌ನ ತೆಳು ಪದರವೊಂದನ್ನು ಎಳೆದು, ಅದು ಒಣಗಿದ ಬಳಿಕ ಫೋಮ್ ಹಾಕಿದರೆ ಹಿಡಿತ ಚೆನ್ನಾಗಿರುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗೆ ಫೋಮ್ ಬಳಸದೆ ಕಲ್ಲನ್ನೇ ಇಡುವುದು ಇನ್ನೂ ಕ್ಷೇಮ.

ಸಿಲಿಕೋನ್ ಕೊಳ್ಳುವಾಗ ಅಕ್ವೇರಿಯಂಗೆಂದೇ ನಮೂದಿಸಿರುವುದನ್ನು ಆರಿಸಬೇಕು. ಬಚ್ಚಲುಮನೆಗೆ ಬಳಸುವ ಹಲವು ಸಿಲಿಕೋನ್‌ಗಳಲ್ಲಿ ಬೂಷ್ಟು ತಡೆಯುವ ರಾಸಾಯನಿಕವಿರುತ್ತದೆ. ಅದು ನೀರಿಗಿಳಿದರೆ ಜೀವಿಗಳಿಗೆ ವಿಷ. ಅಕ್ವೇರಿಯಂ ಸಿಲಿಕೋನ್ ಒಣಗುವಾಗ ವಿನೆಗರ್‌ನ ಘಾಟು ಬರುತ್ತದೆ. ಆ ವಾಸನೆ ಪೂರ್ತಿ ಹೋಗುವ ತನಕ ಏನನ್ನೂ ಒಳಗೆ ಬಿಡಬಾರದು.

ನೀರು ಹರಿಯದ ಜಾಗದಲ್ಲಿ ಕೆತ್ತಿದ ಫೋಮ್‌ಗೆ ಸಿಲಿಕೋನ್ ಸವರಿ, ಅದು ಹಸಿಯಿರುವಾಗಲೇ ತೆಂಗಿನ ನಾರಿನ ಪುಡಿಯನ್ನು ಒತ್ತಿ ಅಂಟಿಸಬಹುದು. ನೀರು ಹರಿಯುವ ದಾರಿಗೆ ಅದು ಸಾಲದು, ಪುಡಿ ಕಳಚಿ ಪಂಪಿಗೆ ಸೇರುತ್ತದೆ. ಅಲ್ಲಿಗೆ ಬಣ್ಣ ಬೆರೆಸಿದ ಸಿಮೆಂಟಿನ ಎರಡು ಮೂರು ತೆಳು ಲೇಪ ಸರಿ. ಆದರೆ ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಬಿಟ್ಟುಕೊಳ್ಳುತ್ತದೆ, ನೀರು ತೀರಾ ಕ್ಷಾರೀಯವಾಗುತ್ತದೆ. ತೊಟ್ಟಿಗೆ ನೀರು ತುಂಬಿ, ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬುತ್ತಾ, ಪಿಎಚ್ ಅಳೆಯುವ ಪಟ್ಟಿಯಲ್ಲಿ ನೀರಿನ ಗುಣ ಬದಲಾಗುವುದು ನಿಂತ ಮೇಲೆಯೇ ಮುಂದಿನ ಕೆಲಸ. ಇದಕ್ಕೆ ಕೆಲವು ವಾರಗಳೇ ಹಿಡಿಯಬಹುದು.

ಕಲ್ಲಿಗೂ ಇದೇ ಎಚ್ಚರಿಕೆ. ನಮ್ಮಲ್ಲಿ ಸುಲಭವಾಗಿ ಸಿಗುವ ಗ್ರಾನೈಟ್ ನೀರಿನ ಗುಣವನ್ನು ಬದಲಿಸುವುದಿಲ್ಲ. ಸುಣ್ಣಕಲ್ಲು, ಅಮೃತಶಿಲೆ ನೀರನ್ನು ಗಡಸಾಗಿಸುತ್ತವೆ. ಅನುಮಾನವಿದ್ದರೆ ಕಲ್ಲಿನ ಮೇಲೆ ಒಂದೆರಡು ಹನಿ ವಿನೆಗರ್ ಬಿಟ್ಟು ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ.

## ಪಂಪ್ ಆರಿಸುವುದು

ಪಂಪಿನ ಡಬ್ಬಿಯ ಮೇಲೆ ಎರಡು ಅಂಕಿಗಳಿರುತ್ತವೆ. ಗಂಟೆಗೆ ಎಷ್ಟು ಲೀಟರ್ ತಳ್ಳುತ್ತದೆ ಎಂಬುದು ಒಂದು, ಗರಿಷ್ಠ ಎಷ್ಟು ಎತ್ತರಕ್ಕೆ ಏರಿಸಬಲ್ಲದು ಎಂಬುದು ಇನ್ನೊಂದು. ಇವೆರಡೂ ಒಟ್ಟಿಗೆ ಸಿಗುವುದಿಲ್ಲ. 600 ಲೀಟರ್, 1 ಮೀಟರ್ ಎಂದು ಬರೆದಿದ್ದರೆ, ಎತ್ತರವೇ ಇಲ್ಲದಾಗ 600 ಲೀಟರ್, 1 ಮೀಟರ್ ಎತ್ತರದಲ್ಲಿ ಸೊನ್ನೆ. ನಡುವಿನ 50 ಸೆಂಟಿಮೀಟರ್ ಎತ್ತರಕ್ಕೆ ಅಂದಾಜು ಅರ್ಧದಷ್ಟು ನೀರು ಬರುತ್ತದೆ. ಕೊಳವೆಯ ತಿರುವು ಹೆಚ್ಚಿದಷ್ಟೂ, ಒಳಗೆ ಕೊಳೆ ಕಟ್ಟಿದಷ್ಟೂ ಇನ್ನೂ ಕಡಿಮೆ. ಆದ್ದರಿಂದ ಬೇಕಾದುದಕ್ಕಿಂತ ತುಸು ದೊಡ್ಡ ಪಂಪ್ ತಂದು, ಅದರ ಮೇಲಿನ ತಿರುಪಿನಿಂದಲೋ ಕೊಳವೆಗೆ ಹಾಕಿದ ವಾಲ್ವಿನಿಂದಲೋ ಹರಿವನ್ನು ತಗ್ಗಿಸಿಕೊಳ್ಳುವುದು ಲೇಸು.

ನಮ್ಮ 90 ಸೆಂಟಿಮೀಟರ್ ತೊಟ್ಟಿಯಲ್ಲಿ ಬಂಡೆಯ ಮೇಲೆ ತೆಳುವಾಗಿ ಜಾರುವ ನೀರಿಗೆ ಗಂಟೆಗೆ 200ರಿಂದ 300 ಲೀಟರ್ ಸಾಕು. ಹೆಚ್ಚು ನೀರು ಹೆಚ್ಚು ಚೆಂದ ಎಂದೇನಿಲ್ಲ. ರಭಸ ಹೆಚ್ಚಿದರೆ ಗಾಜಿನ ತುಂಬ ತುಂತುರು ಹಾರಿ ಒಳಗಿರುವುದೇ ಕಾಣದಂತಾಗುತ್ತದೆ, ಹಾವಸೆ ಕಿತ್ತುಬರುತ್ತದೆ, ಸದ್ದಂತೂ ರಾತ್ರಿ ನಿದ್ದೆಗೆಡಿಸುತ್ತದೆ. ಎತ್ತರದಿಂದ ಕೊಳಕ್ಕೆ ನೇರ ಬೀಳುವ ನೀರಿಗಿಂತ, ಕಲ್ಲಿನಿಂದ ಕಲ್ಲಿಗೆ ಇಳಿದು ಬರುವ ನೀರಿನ ಸದ್ದು ಮೃದು.

ಪಂಪ್ ಇಂದಲ್ಲ ನಾಳೆ ಕೆಡುತ್ತದೆ. ಅದನ್ನು ಕಟ್ಟಡದೊಳಗೆ ಹೂತುಬಿಡುವುದೇ ಈ ಹವ್ಯಾಸದಲ್ಲಿ ಅತಿ ಹೆಚ್ಚು ತೊಟ್ಟಿಗಳನ್ನು ಹಾಳುಮಾಡುವ ತಪ್ಪು. ಒಂದು ಮೂಲೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಾವಿ ಬಿಟ್ಟು, ಅದರ ಮೇಲೆ ಅಂಟಿಸದ ಚಪ್ಪಟೆ ಕಲ್ಲೊಂದನ್ನು ಮುಚ್ಚಳವಾಗಿ ಇಡಿ. ಪಂಪ್ ಮತ್ತು ಕೊಳವೆಯ ಜೋಡಣೆಯೂ ಕೈಯಿಂದಲೇ ಕಳಚುವಂತಿರಲಿ. ನೀರು ಎಳೆದುಕೊಳ್ಳುವ ಬಾಯಿಗೆ ಸ್ಪಂಜಿನ ತುಂಡು ಹಾಕಿದರೆ ಎಲೆಚೂರು, ಸಿಗಡಿಮರಿ ಒಳಗೆ ಹೋಗುವುದಿಲ್ಲ.

ನೀರು ಮತ್ತು ವಿದ್ಯುತ್ ಒಟ್ಟಿಗಿರುವಾಗ ಉದಾಸೀನ ಸಲ್ಲದು. ತಂತಿ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮತ್ತೆ ಮೇಲೇರಿ ಸಾಕೆಟ್ ಸೇರಬೇಕು. ಆಗ ತಂತಿಯ ಗುಂಟ ಇಳಿದ ಹನಿ ಆ ಜೋತ ತುದಿಯಲ್ಲಿ ಕೆಳಗೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಮನೆಯ ಸಂಪರ್ಕಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇದೆಯೇ ಎಂದು ಎಲೆಕ್ಟ್ರಿಷಿಯನ್ ಅವರಿಂದ ಖಚಿತಪಡಿಸಿಕೊಳ್ಳಿ. ತೊಟ್ಟಿಯೊಳಗೆ ಕೈಯಿಡುವ ಮೊದಲು ಸ್ವಿಚ್ ಆಫ್ ಮಾಡಿ.

## ನೀರು ದಾರಿ ತಪ್ಪುವುದು ಎಲ್ಲಿ?

ಮೊದಲ ದಾರಿ, ಕಲ್ಲಿನ ಅಡಿ. ಚಾಚಿದ ಕಲ್ಲಿನ ಅಂಚಿನಿಂದ ನೀರು ನೇರ ಕೆಳಗೆ ಬೀಳುತ್ತದೆ ಎಂದುಕೊಂಡಿರುತ್ತೇವೆ. ಹರಿವು ತೆಳುವಾಗಿದ್ದಾಗ ಹಾಗಾಗುವುದಿಲ್ಲ. ನೀರಿಗೆ ಕಲ್ಲಿನ ಮೈಗೆ ಅಂಟಿಕೊಳ್ಳುವ ಗುಣವಿದೆ. ಅಂಚು ದುಂಡಗಿದ್ದರೆ ಅದು ತಿರುಗಿ ಕಲ್ಲಿನ ಕೆಳಮೈಯನ್ನೇ ಹಿಡಿದು ಹಿಂದಕ್ಕೆ ಹೋಗಿ, ಗೋಡೆ ಸೇರಿ, ಕಾಣದ ಸಂದಿಯಲ್ಲಿ ಮಾಯವಾಗುತ್ತದೆ. ಮೇಲೆ ಜಲಪಾತವಿಲ್ಲ, ಹಿಂದೆ ಸೋರಿಕೆ. ಮನೆಯ ಸಜ್ಜಾದ ಕೆಳಗೆ, ಅಂಚಿನ ಹತ್ತಿರ, ಗಾರೆಯವರು ಉದ್ದಕ್ಕೂ ಒಂದು ತಗ್ಗು ಗೆರೆ ಎಳೆದಿರುತ್ತಾರಲ್ಲ, ಮಳೆನೀರು ಅಲ್ಲಿಗೆ ಬಂದು ಗೋಡೆಯತ್ತ ಹೋಗಲಾರದೆ ಕೆಳಗೆ ಬೀಳುತ್ತದೆ. ಕಲ್ಲಿನ ಅಡಿಯಲ್ಲೂ ಅಂಥದ್ದೇ ಗೆರೆ ಕೊರೆಯಬಹುದು, ಅಥವಾ ಸಿಲಿಕೋನ್‌ನಿಂದ ಸಣ್ಣ ಏಣು ಎಳೆಯಬಹುದು. ಅಂಚು ಚೂಪಾಗಿದ್ದು ತುಸು ಮುಂದಕ್ಕೆ ಬಾಗಿರುವ ಕಲ್ಲನ್ನು ಆರಿಸಿದರೆ ಇನ್ನೂ ಸುಲಭ.

ಎರಡನೆಯ ದಾರಿ ಮಣ್ಣು. ಸೂಕ್ಷ್ಮ ಸಂದಿಗಳಲ್ಲಿ ನೀರು ತಾನಾಗಿ ಮೇಲೇರುವುದಕ್ಕೆ ಕೇಶಾಕರ್ಷಣೆ ಎನ್ನುತ್ತಾರೆ. ತೆಂಗಿನ ನಾರಿನ ಪುಡಿ, ಹಾವಸೆ, ಬಟ್ಟೆ ಇವೆಲ್ಲ ಸೂಕ್ಷ್ಮ ಸಂದಿಗಳ ಗಣಿ. ತೊರೆಯ ದಡದ ಹಾವಸೆಯ ಒಂದು ಎಳೆ ನೀರಿಗೆ ತಾಗಿ, ಇನ್ನೊಂದು ತುದಿ ಮಣ್ಣನ್ನು ಮುಟ್ಟಿದ್ದರೆ ಸಾಕು, ಹಗಲಿರುಳೂ ನೀರು ಆ ಸೇತುವೆಯ ಮೇಲೆ ದಾಟುತ್ತಿರುತ್ತದೆ. ವಾರದೊಳಗೆ ಮಣ್ಣು ಪೂರ್ತಿ ನೀರುಂಡು, ಗಾಳಿ ಇಲ್ಲದೆ, ಕೊಳೆತ ಮೊಟ್ಟೆಯ ನಾತ ಬರತೊಡಗುತ್ತದೆ. ಗಿಡ ಹಳದಿಯಾದರೆ ನೀರು ಸಾಲದೆಂದು ಇನ್ನಷ್ಟು ಸಿಂಪಡಿಸುತ್ತಾರೆ. ತೊಟ್ಟಿಯ ಗಿಡಗಳಲ್ಲಿ ಹೆಚ್ಚಿನವು ಸಾಯುವುದು ಹೀಗೆ.

ಇದಕ್ಕೆ ಪರಿಹಾರ, ತೊರೆಯ ಎರಡೂ ದಂಡೆಗೆ ನೀರಿನ ಮಟ್ಟಕ್ಕಿಂತ ಎರಡು ಮೂರು ಸೆಂಟಿಮೀಟರ್ ಎತ್ತರದ, ನೀರು ಹೀರದ ಏರಿ ಕಟ್ಟುವುದು. ಸಿಮೆಂಟ್ ಲೇಪಿಸಿದ ಅಂಚು ಅಥವಾ ಸಿಲಿಕೋನ್‌ನಿಂದ ಕೂಡಿಸಿದ ಕಲ್ಲುಸಾಲು ಆಗಬಹುದು. ಮಣ್ಣು ಏರಿಯ ಆಚೆ, ನೀರು ಈಚೆ. ಹಾವಸೆ ಬೆಳೆದು ಏರಿಯನ್ನು ದಾಟಿದಾಗ ಕತ್ತರಿಯಿಂದ ಸವರುತ್ತಿರಬೇಕು. ಸುಳ್ಳುತಳದ ಜಾಲರಿಯೂ ನೀರಿನ ಮಟ್ಟಕ್ಕಿಂತ ಮೇಲೆಯೇ ಇರಬೇಕು, ಬಲೆಯ ಅಂಚು ನೀರಿಗೆ ಇಳಿಬಿದ್ದಿರಬಾರದು.

ಮೂರನೆಯದು ಕರೆಂಟು ಹೋದಾಗಿನ ಪಾಡು. ಪಂಪ್ ಓಡುತ್ತಿರುವಾಗ ಒಂದಷ್ಟು ನೀರು ಕೊಳವೆಯಲ್ಲಿ, ಮೇಲಿನ ಹೊಂಡಗಳಲ್ಲಿ, ತೊರೆಯ ಹಾದಿಯಲ್ಲಿ ಇರುತ್ತದೆ. ಪಂಪ್ ನಿಂತೊಡನೆ ಅದೆಲ್ಲ ಕೆಳಗಿಳಿದು ಕೊಳದ ಮಟ್ಟ ಏರುತ್ತದೆ. ಆ ಏರಿಕೆಗೂ ಜಾಗವಿರುವಂತೆ ಮಟ್ಟವನ್ನು ನಿಗದಿ ಮಾಡಬೇಕು. ಕೊಳವೆಯ ಬಾಯಿ ಮೇಲಿನ ಹೊಂಡದ ನೀರಿನಲ್ಲಿ ಮುಳುಗಿದ್ದರಂತೂ ನೀರು ಅದೇ ಕೊಳವೆಯಲ್ಲಿ ಹಿಮ್ಮುಖವಾಗಿ ಇಳಿದು ಹೊಂಡವನ್ನೇ ಬರಿದು ಮಾಡುತ್ತದೆ. ಬಾಯಿಯನ್ನು ನೀರಿನಿಂದ ಮೇಲೆ ಇಟ್ಟರೆ ಗಾಳಿ ಹೊಕ್ಕು ಅದು ನಿಲ್ಲುತ್ತದೆ. ಗಿಡ, ಮಣ್ಣು ಹಾಕುವ ಮೊದಲು ಬರೀ ಕಲ್ಲುಗಳೊಂದಿಗೆ ಎರಡು ಮೂರು ದಿನ ಪಂಪ್ ಓಡಿಸಿ. ಓಡುವಾಗಿನ ಮಟ್ಟಕ್ಕೊಂದು, ನಿಂತಾಗಿನ ಮಟ್ಟಕ್ಕೊಂದು ಟೇಪ್ ಅಂಟಿಸಿ ಗುರುತು ಮಾಡಿ. ಗುರುತು ದಿನೇ ದಿನೇ ಬೇಗ ಬೇಗ ಇಳಿಯುತ್ತಿದ್ದರೆ ನೀರು ಎಲ್ಲೋ ದಾರಿ ತಪ್ಪಿದೆ ಎಂದರ್ಥ. ಆಗ ಸರಿಪಡಿಸುವುದು ಸುಲಭ.

## ಕಣ್ಣಿಗೆ ಕಾಣದ ಕೆಲಸಗಾರರು

ಸುತ್ತುವ ನೀರು ತಿಳಿಯಾಗಿ ಕಂಡರೂ ಶುದ್ಧವೆಂದಲ್ಲ. ಜೀವಿಗಳ ಹಿಕ್ಕೆ, ಕೊಳೆತ ಎಲೆ, ಉಳಿದ ಆಹಾರ ಇವುಗಳಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನು, ಕಪ್ಪೆಗಳಿಗೆ ಬಹಳ ಸಣ್ಣ ಪ್ರಮಾಣದಲ್ಲೂ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಅಪಾಯಕಾರಿಯಲ್ಲ. ಗಿಡಗಳು ಅದನ್ನು ಗೊಬ್ಬರವಾಗಿ ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ಕಲ್ಲು, ಜಲ್ಲಿ, ಸ್ಪಂಜಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟರವರೆಗೆ ಗಿಡಗಳನ್ನು ಮಾತ್ರ ಬೆಳೆಸುವುದು ಸರಿ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಜೀವಿಗಳ ಯೋಚನೆ. ತೊರೆಯ ಒಂದು ದೊಡ್ಡ ಉಪಕಾರ ಇಲ್ಲಿದೆ: ಕಲ್ಲಿನ ಮೇಲೆ ತೆಳುವಾಗಿ ಹರಡುವ ನೀರು ಗಾಳಿಯಿಂದ ಆಮ್ಲಜನಕವನ್ನು ಹೀರುತ್ತದೆ, ಈ ಬ್ಯಾಕ್ಟೀರಿಯಾಗಳಿಗೆ ಅದೇ ಬೇಕು. ಸ್ಪಂಜನ್ನು ನಲ್ಲಿನೀರಿನಲ್ಲಿ ತೊಳೆದರೆ ಕ್ಲೋರಿನ್‌ನಿಂದ ಅವು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು.

ಬೆಂಗಳೂರಿನಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದು ಬಹುಪಾಲು ಹಾರಿಹೋಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಲವಣ ಹೆಚ್ಚು. ನೀರು ಆವಿಯಾದಾಗ ಲವಣ ಹಿಂದೆಯೇ ಉಳಿಯುತ್ತದೆ. ಅದೇ ನೀರನ್ನು ಮತ್ತೆ ಮತ್ತೆ ಸೇರಿಸಿದರೆ ಗಡಸುತನ ಏರುತ್ತಲೇ ಹೋಗುತ್ತದೆ, ಕಲ್ಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಆರಿದಷ್ಟನ್ನು ತುಂಬಲು ಆರ್‌ಒ ನೀರು, ವಾರಕ್ಕೊಮ್ಮೆ ಹತ್ತು ಹದಿನೈದು ಶೇಕಡಾ ಬದಲಿಸಲು ಸಾಮಾನ್ಯ ನೀರು ಎಂದು ಇಟ್ಟುಕೊಳ್ಳಬಹುದು. ಪೂರ್ತಿ ಆರ್‌ಒ ನೀರಿನಲ್ಲಿ ಖನಿಜಗಳಿಲ್ಲದೆ ಸಿಗಡಿ, ಮೀನು ಸೊರಗುತ್ತವೆ.

ಗಾಳಿಯಾಡಲು ಮುಂಭಾಗದ ಕೆಳಗೆ ಒಂದು ಸೀಳು, ಮೇಲ್ಮುಚ್ಚಳದಲ್ಲಿ ಹಿಂದಕ್ಕೆ ಬಲೆಯ ಪಟ್ಟಿ ಇರಲಿ. ದೀಪದಿಂದ ಬಿಸಿಯಾದ ಗಾಳಿ ಮೇಲಿನಿಂದ ಹೋದಂತೆ ಕೆಳಗಿನಿಂದ ಹೊಸದು ಬರುತ್ತದೆ, ಮುಂಗಾಜಿನ ಮಂಜೂ ಕರಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ಕಿಂಡಿಗಳನ್ನು ಪೂರ್ತಿ ತೆರೆದಿಡಬೇಕಾದೀತು. ಬಯಲುಸೀಮೆಯ ಮಾರ್ಚ್ ತಿಂಗಳಲ್ಲಿ ಅರ್ಧ ಮುಚ್ಚಬೇಕಾದೀತು.

## ಒಳಗೆ ಯಾರಿರಬಹುದು?

ಯಾರೂ ಇಲ್ಲದಿದ್ದರೂ ನಡೆಯುತ್ತದೆ. ಗಿಡ, ಹಾವಸೆ, ತೊರೆ ಇಷ್ಟೇ ಇರುವ ತೊಟ್ಟಿ ಪೂರ್ಣ ತೊಟ್ಟಿಯೇ, ಮೊದಲ ಸಲ ಕಟ್ಟುವವರಿಗೆ ಅದೇ ಒಳ್ಳೆಯದು. ಮುಂದೆ ಕೊಳದಲ್ಲಿ ಚೆರಿ ಸಿಗಡಿ ಅಥವಾ ಗಪ್ಪಿಯಂಥ ಪುಟ್ಟ ಮೀನು ಬಿಡಬಹುದು.

ಹೊರದೇಶಗಳಲ್ಲಿ ಇಂಥ ತೊಟ್ಟಿಗಳಲ್ಲಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಣ್ಣದ ಡಾರ್ಟ್ ಕಪ್ಪೆಗಳನ್ನು ಸಾಕುತ್ತಾರೆ. ಅವು ನೆಲದ ಕಪ್ಪೆಗಳು. ಆಳದ ನೀರಿಗೆ ಬಿದ್ದು ಹತ್ತಲಾಗದಿದ್ದರೆ ಸಾಯಬಲ್ಲವು. ಅದಕ್ಕಾಗಿ ಕೊಳದ ಒಂದು ಬದಿ ಸದಾ ಇಳಿಜಾರಾಗಿರಬೇಕೆಂಬ ನಿಯಮ ಬಂದಿದೆ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಆದ್ದರಿಂದ ಸಿಲಿಕೋನ್, ಸಿಮೆಂಟಿನ ಉಳಿಕೆ ಅದರ ಮೈಸೇರುತ್ತದೆ. ಈ ಕಪ್ಪೆಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಅಂಥ ಪಟ್ಟಿಯ ಜೀವಿಗಳನ್ನು ಭಾರತದಲ್ಲಿ ಇಟ್ಟುಕೊಂಡವರು 2022ರ ತಿದ್ದುಪಡಿಯ ನಂತರದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ ನೋಂದಾಯಿಸಬೇಕು. ಕಾಗದಪತ್ರವಿಲ್ಲದೆ ಮಾರುವವರಿಂದ ಕೊಂಡರೆ ಕೊಂಡವರೂ ತೊಂದರೆಗೆ ಸಿಲುಕುತ್ತಾರೆ. ನಕ್ಷತ್ರ ಆಮೆಯಂಥ ನಮ್ಮದೇ ಸಂರಕ್ಷಿತ ಜೀವಿಗಳನ್ನು ಸಾಕುವಂತೆಯೇ ಇಲ್ಲ.

ನಮ್ಮ ಘಟ್ಟದ ತೊರೆಗಳಲ್ಲಿ ಕುಣಿಯುವ ಕಪ್ಪೆಗಳಿವೆ. ನೀರಿನ ಭೋರ್ಗರೆತದಲ್ಲಿ ಕೂಗು ಕೇಳಿಸದೆಂದು ಗಂಡುಗಳು ಹಿಂಗಾಲನ್ನು ಚಾಚಿ ಬೀಸಿ ಸನ್ನೆ ಮಾಡುತ್ತವೆ. ಅವುಗಳಲ್ಲೊಂದಕ್ಕೆ ಚಿಕ್ಕಮಗಳೂರಿನ ಕೊಟ್ಟಿಗೆಹಾರದ ಹೆಸರಿದೆ. ತಣ್ಣಗೆ ರಭಸದಿಂದ ಹರಿಯುವ ತೊರೆಯೊಂದೇ ಅವುಗಳ ಮನೆ. 40 ಲೀಟರ್ ಸುತ್ತುವ ಯಾವ ಪಂಪೂ ಅದನ್ನು ಕೊಡಲಾರದು. ಅವನ್ನು ಅಲ್ಲೇ ಹೋಗಿ ನೋಡಬೇಕು.

## ಸೊಳ್ಳೆ ಮತ್ತು ಹಳೆಯ ನೀರು

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ಒಂದು ಬಟ್ಟಲು ನೀರು ಸಾಕು. ಮೊಟ್ಟೆಯಿಂದ ರೆಕ್ಕೆ ಬರುವುದಕ್ಕೆ ಒಂದು ವಾರದಿಂದ ಹತ್ತು ದಿನ. ಕರ್ನಾಟಕದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಯವರಿಗೆ ದಂಡವನ್ನೂ ಗೊತ್ತುಪಡಿಸಲಾಯಿತು. ಹರಿಯುವ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುವುದು ಅಪರೂಪ, ಆದರೆ ತೊರೆಯ ಬದಿಯಲ್ಲಿ ನಿಂತ ಸಣ್ಣ ಗುಂಡಿ, ಪಂಪಿನ ಬಾವಿ, ಅಗಲ ಎಲೆಗಳ ಬುಡ ಇವುಗಳ ಮೇಲೆ ಕಣ್ಣಿಡಬೇಕು. ಗಾಳಿಕಿಂಡಿಗಳಿಗೆ ಸೂಕ್ಷ್ಮ ಬಲೆ ಹಾಕಬೇಕು. ಊರಿಗೆ ಹೋಗುವಾಗ ಪಂಪ್ ನಿಲ್ಲಿಸಿ ನೀರನ್ನು ಹಾಗೆಯೇ ಬಿಟ್ಟು ಹೋಗಬಾರದು.

ತೊಟ್ಟಿಯಿಂದ ತೆಗೆದ ನೀರನ್ನು, ಬೆಳೆದು ಕತ್ತರಿಸಿದ ಗಿಡವನ್ನು ಕೆರೆಗೆ, ಹಳ್ಳಕ್ಕೆ ಹಾಕಲೇಬಾರದು. ಹೀಗೆ ಬಿಟ್ಟ ಗಪ್ಪಿಗಳೂ ಅಕ್ವೇರಿಯಂ ಅಂಗಡಿಯ ಸಕ್ಕರ್ ಮೀನುಗಳೂ ಇಂದು ದೇಶದ ಎಷ್ಟೋ ಕೆರೆ ನದಿಗಳಲ್ಲಿ ಬೀಡುಬಿಟ್ಟಿವೆ. ಕಪ್ಪೆಗಳ ಚರ್ಮಕ್ಕೆ ತಗುಲಿ ಹಲವು ದೇಶಗಳಲ್ಲಿ ಕಪ್ಪೆಸಂತತಿಯನ್ನೇ ಕುಗ್ಗಿಸಿರುವ ಕೈಟ್ರಿಡ್ ಶಿಲೀಂಧ್ರ ನೀರು, ಒದ್ದೆ ವಸ್ತುಗಳ ಮೂಲಕವೂ ಹರಡಬಲ್ಲದು. ಗಿಡದ ಚೂರುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ. ಗಿಡ, ಸಿಗಡಿ ಮಾತ್ರ ಇರುವ ತೊಟ್ಟಿಯ ನೀರನ್ನು ಮನೆಯ ಕುಂಡಗಳಿಗೆ ಹಾಕಬಹುದು; ಅದರಲ್ಲಿರುವ ನೈಟ್ರೇಟ್ ತುಳಸಿಗೂ ಕರಿಬೇವಿಗೂ ಒಳ್ಳೆಯ ಗೊಬ್ಬರ.